ಜೇಬಿನಲ್ಲಿ ಉಳಿದ ಚೀಟಿ

“ಅಜ್ಜಾರ, ಅಕ್ಕನ ರಿಪೋರ್ಟು ಬರಾಕ ಇನ್ನ ನಾಕ ದಿನ ಐತಿ. ಅದರಾಗ ಏನ ಬರತೈತಿ ಅಂತ ಮೊದಲ ತಿಳ್ಕೊಳ್ಳಾಕ ಏನರ ದಾರಿ ಐತೇನ್ರಿ?”

ಕೇಳಿದವನು ಶಿವಪುತ್ರ. ತಾಲೂಕು ಕಚೇರಿಯಲ್ಲಿ ಗುಮಾಸ್ತ, ಮಠದ ಹಳೆಯ ಶಿಷ್ಯ. ಅವನ ಅಕ್ಕ ಒಂಬತ್ತು ದಿನದಿಂದ ಬೆಳಗಾವಿಯ ಆಸ್ಪತ್ರೆಯಲ್ಲಿದ್ದಳು. ಅವನು ಇನ್ನೂ ಹೋಗಿ ನೋಡಿರಲಿಲ್ಲ. ರಿಪೋರ್ಟು ಬರಲಿ, ಅದು ಗೊತ್ತಿಲ್ಲದೆ ಯಾವ ಮುಖ ಹೊತ್ತು ಅವಳ ಎದುರಿಗೆ ನಿಲ್ಲಲಿ ಎಂದು ದಿನ ತಳ್ಳುತ್ತಿದ್ದ. ಅಕ್ಕ ದಿನಾ ಫೋನು ಮಾಡಿ ಯಾವಾಗ ಬರುತ್ತೀ ಎಂದು ಕೇಳುತ್ತಿದ್ದಳು. ಈ ಒಂಬತ್ತು ದಿನದಲ್ಲಿ ಅವನು ಮಠಕ್ಕೆ ಮಾತ್ರ ಮೂರು ಸಲ ಬಂದಿದ್ದ.

ಮಠದ ಸ್ವಾಮಿಗಳನ್ನು ಆ ಕಡೆಯವರು ಅಜ್ಜಾರು ಎನ್ನುತ್ತಾರೆ. ಅಜ್ಜಾರು ಅವನನ್ನು ಕೂಡಲು ಹೇಳಿ, ಒಂದು ಕತೆ ಹೇಳಿದರು.

ಒಬ್ಬ ಪಾತ್ರೆ ವ್ಯಾಪಾರಿ ಇದ್ದಾನೆ. ಹೆಸರು ಬೇಡ, ಸೋಮವಾರ ಸೋಮವಾರ ಇಲ್ಲೇ ನಿನ್ನ ಪಕ್ಕ ಕೂತು ಊಟ ಮಾಡುತ್ತಾನೆ. ಅವನು ಹೆಂಡತಿಯನ್ನು ಕರೆದುಕೊಂಡು ಜಪಾನಿಗೆ ಹೋಗಿದ್ದ. ಅಲ್ಲಿಯ ಒಂದು ಸೀಮೆಯಲ್ಲಿ ಹಳೆಯ ಕೋಟೆಗಳೂ ಗುಡಿಗಳೂ ಬಹಳವಂತೆ. ನಾನು ಅದನ್ನೆಲ್ಲ ನೋಡಿದವನಲ್ಲ. ಆ ವ್ಯಾಪಾರಿ ಹೇಳಿದಷ್ಟು ಗೊತ್ತು. ಅವನೂ ಅಲ್ಲಿಗೆ ಹೋಗಿದ್ದನೇ ಹೊರತು ನೋಡಿ ಬಂದವನಲ್ಲ. ಯಾಕೆ ಎಂಬುದೇ ಕತೆ.

ಅವನ ಹೆಂಡತಿಗೆ ಹಿಂದಿನ ವರ್ಷ ಕ್ಯಾನ್ಸರ್ ಆಗಿತ್ತು. ಇಪ್ಪತ್ತು ದಿನಕ್ಕೊಮ್ಮೆ ಆಸ್ಪತ್ರೆಗೆ ಹೋಗಿ, ಸಲೈನಿನಲ್ಲಿ ಔಷಧಿ ಹಾಕಿಸಿಕೊಂಡು ಬರುತ್ತಿದ್ದಳು. ಅವಳು ಕೂಡುವ ಕುರ್ಚಿಯ ಎದುರು ಗೋಡೆಗೆ ಒಂದು ಕ್ಯಾಲೆಂಡರು. ಅದರಲ್ಲಿ ಏಪ್ರಿಲ್ ತಿಂಗಳಿಗೆ ಜಪಾನಿನ ಒಂದು ಬಿಳಿ ಕೋಟೆಯ ಚಿತ್ರ. ಅಲ್ಲಿ ಕೋಟೆ ಎಂದರೆ ನಮ್ಮ ಹಾಗೆ ಗೋಡೆ, ಬುರುಜು ಅಷ್ಟೇ ಅಲ್ಲ. ಎತ್ತರದ ಕಲ್ಲಿನ ಕಟ್ಟೆ, ಅದರ ಮೇಲೆ ಅಂತಸ್ತಿನ ಮೇಲೆ ಅಂತಸ್ತಾಗಿ ಮರದ ಮನೆ, ತುದಿಯಲ್ಲಿ ಸಾಲು ಕಿಟಕಿ. ಆಸ್ಪತ್ರೆಯವರು ಮೇ ತಿಂಗಳು ಬಂದರೂ ಹಾಳೆ ತಿರುವಲಿಲ್ಲ, ಶ್ರಾವಣ ಬಂದರೂ ತಿರುವಲಿಲ್ಲ. ವರ್ಷವಿಡೀ ಆ ಗೋಡೆಯ ಮೇಲೆ ಏಪ್ರಿಲ್ಲೇ ಇತ್ತು. ಸೂಜಿ ಚುಚ್ಚಿಸಿಕೊಂಡಾಗಲೆಲ್ಲ ಅವಳು ಆ ಕೋಟೆಯನ್ನು ನೋಡುತ್ತ ಕೂಡುತ್ತಿದ್ದಳು. ಆರಾಮಾದರೆ ಆ ಮೇಲಿನ ಕಿಟಕಿಯಲ್ಲಿ ನಿಂತು ಕೆಳಗೆ ನೋಡಬೇಕು ಎಂದು ಗಂಡನಿಗೆ ಹೇಳಿದಳು.

ಔಷಧಿ ಮುಗಿಯಿತು. ಡಾಕ್ಟರು, ಆರು ತಿಂಗಳು ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡೋಣ, ಆಗ ಖಚಿತವಾಗಿ ಹೇಳುತ್ತೇವೆ ಎಂದರು. ವ್ಯಾಪಾರಿ, ಪರೀಕ್ಷೆ ಆದ ಮೇಲೆ ಹೋಗೋಣ ಎಂದ. ಹೆಂಡತಿ, ಮೊದಲೇ ಹೋಗೋಣ ಎಂದಳು. ಒಂದು ತಿಂಗಳು ಜಗ್ಗಾಡಿ ಅವಳೇ ಗೆದ್ದಳು. ಐದನೆಯ ತಿಂಗಳಲ್ಲಿ ಹೊರಟರು.

ಮೊದಲ ದಿನ ಪ್ರವಾಸದ ಗುಂಪನ್ನು ಒಂದು ಗುಡಿಗೆ ಕರೆದುಕೊಂಡು ಹೋದರು. ಬಾಗಿಲಲ್ಲಿ ಕಲ್ಲಿನ ತೊಟ್ಟಿ, ಬಿದಿರಿನ ಸೌಟು. ಕೈ ಬಾಯಿ ತೊಳೆದುಕೊಂಡು ಒಳಗೆ ಹೋಗಬೇಕು. ಹೆಂಡತಿ ಸೌಟು ಹಿಡಿದು, ಮಾರ್ಗದರ್ಶಿ ಹೆಂಗಸು ತೋರಿಸಿದಂತೆ ಮೊದಲು ಎಡಗೈ, ಆಮೇಲೆ ಬಲಗೈ ತೊಳೆದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ವ್ಯಾಪಾರಿಯ ಕಣ್ಣಿಗೆ ಇನ್ನೊಂದು ಕಂಡಿತು. ಜನ ಒಂದು ಮರದ ಡಬ್ಬಿಯನ್ನು ಅಲ್ಲಾಡಿಸುತ್ತಿದ್ದರು. ಅದರಿಂದ ಒಂದು ಕಡ್ಡಿ ಹೊರಬರುತ್ತದೆ. ಕಡ್ಡಿಯ ಮೇಲೆ ಯಾವ ಅಂಕಿ ಇದೆಯೋ ಆ ಅಂಕಿಯ ಚೀಟಿಯನ್ನು ಕೊಡುತ್ತಾರೆ. ಚೀಟಿಯಲ್ಲಿ ಭವಿಷ್ಯ.

ಅವನು ಹೆಂಡತಿಯ ಹೆಸರನ್ನು ಮನಸ್ಸಿನಲ್ಲಿ ಹೇಳಿಕೊಂಡು ಡಬ್ಬಿ ಅಲ್ಲಾಡಿಸಿದ. ಯಾರು ಹೇಳಿದ್ದರು ಅವನಿಗೆ? ಯಾರೂ ಹೇಳಿರಲಿಲ್ಲ. ತುರಿಕೆ ಇದ್ದಲ್ಲಿಗೆ ಕೈ ತಾನೇ ಹೋಗುತ್ತದೆ.

ಮಾರ್ಗದರ್ಶಿ ಬಂದು ಚೀಟಿ ಓದಿದಳು. ಮಹಾ ಅಶುಭ ಎಂದಿತ್ತು. ಕಾಯಿಲೆ ಎಂಬ ಸಾಲಿನ ಮುಂದೆ, ಬಹುಕಾಲ ಎಳೆಯುತ್ತದೆ ಎಂದಿತ್ತು. ಅವಳು ಅದಕ್ಕೇನೂ ಗಾಬರಿಯಾಗಲಿಲ್ಲ. ಅಲ್ಲೇ ತಂತಿಗಳನ್ನು ಎಳೆದು ಕಟ್ಟಿದ್ದರು, ತಂತಿಯ ತುಂಬ ನೂರಾರು ಬಿಳಿ ಚೀಟಿಗಳು ಗಂಟು ಬಿದ್ದಿದ್ದವು. ಕೆಟ್ಟದ್ದು ಬಂದರೆ ಇಲ್ಲೇ ಕಟ್ಟಿ ಬಿಟ್ಟುಹೋಗಿ, ಉಳಿದದ್ದನ್ನು ದೇವರು ನೋಡಿಕೊಳ್ಳುತ್ತಾನೆ ಎಂದು ತೋರಿಸಿ ಮುಂದೆ ಹೋದಳು.

ವ್ಯಾಪಾರಿಯ ಕೈ ತಂತಿಯ ತನಕ ಹೋಯಿತು, ಕಟ್ಟಲು ಒಪ್ಪಲಿಲ್ಲ. ದೇವರ ಬಾಗಿಲಲ್ಲಿ ಕೈಗೆ ಬಂದದ್ದನ್ನು ನಾವು ಬಿಟ್ಟು ಬಂದವರಲ್ಲ. ಹೂವಾದರೆ ಮುಡಿಯುತ್ತೇವೆ, ವಿಭೂತಿಯಾದರೆ ಹಚ್ಚಿಕೊಂಡು ಉಳಿದದ್ದನ್ನು ಕಾಗದದಲ್ಲಿ ಕಟ್ಟಿಕೊಂಡು ಬಂದು ಮನೆಯ ದೇವರ ಜಗಲಿಯ ಮೇಲೆ ಇಡುತ್ತೇವೆ. ಕೊಟ್ಟದ್ದನ್ನು ಅಲ್ಲೇ ಬಿಟ್ಟುಬಂದರೆ ದೇವರಿಗೆ ಅಪಮಾನ, ಮೊದಲೇ ಅಶುಭ ಎಂದವನು ಆಮೇಲೆ ಇನ್ನೇನು ಮಾಡಿಯಾನೋ ಎಂದು ಹೆದರಿದ. ಚೀಟಿಯನ್ನು ಮಡಚಿ ಪಾಸ್‌ಪೋರ್ಟಿನ ಜೊತೆ ಎದೆಯ ಜೇಬಿನಲ್ಲಿ ಇಟ್ಟುಕೊಂಡ. ಹೆಂಡತಿಗೆ ಹೇಳಲಿಲ್ಲ.

ಎರಡನೆಯ ಗುಡಿಯಲ್ಲಿ ಇನ್ನೊಂದು ತೆಗೆದ. ಸಾಧಾರಣ ಶುಭ ಎಂದು ಬಂತು. ಸಮಾಧಾನವಾಗಲಿಲ್ಲ. ಮೂರನೆಯ ಗುಡಿಯಲ್ಲಿ ಮಹಾ ಶುಭ ಎಂದೇ ಬಂತು. ಮಾರ್ಗದರ್ಶಿ ಕೈ ತಟ್ಟಿದಳು. ವ್ಯಾಪಾರಿ ನಂಬಲಿಲ್ಲ. ಅವನೂ ಅಂಗಡಿ ಇಟ್ಟವನಲ್ಲವೇ? ಗಿರಾಕಿಗೆ ಹಿತವಾದದ್ದನ್ನು ಎಲ್ಲ ಅಂಗಡಿಯವರೂ ಹೇಳುತ್ತಾರೆ, ಗಿರಾಕಿಯ ಮನಸ್ಸು ಮುರಿಯುವಂಥದ್ದನ್ನು ಸುಳ್ಳಾಗಿ ಹೇಳುವವನು ಎಲ್ಲಿದ್ದಾನೆ ಎಂದು ಲೆಕ್ಕ ಹಾಕಿದ. ಹಾಗಾಗಿ ಒಳ್ಳೆಯ ಎರಡು ಚೀಟಿ ಎಲ್ಲಿ ಹೋದವೋ ಅವನಿಗೆ ನೆನಪಿಲ್ಲ. ಕೆಟ್ಟದ್ದು ಮಾತ್ರ ಜೇಬಿನಲ್ಲಿ ಬೆಚ್ಚಗಿತ್ತು. ಗಳಿಗೆಗೊಮ್ಮೆ ಅಂಗಿಯ ಮೇಲಿಂದ ಮುಟ್ಟಿ ನೋಡಿಕೊಳ್ಳುತ್ತಿದ್ದ.

ನಡುವೆ ಕೋಟೆಗಳನ್ನೂ ನೋಡಿದರು. ಒಂದರಲ್ಲಿ ನಡೆದರೆ ನೆಲ ಹಕ್ಕಿಯ ಹಾಗೆ ಚಿಲಿಗುಟ್ಟುತ್ತದೆಯಂತೆ, ಕಳ್ಳರು ಬಂದರೆ ತಿಳಿಯಲಿ ಎಂದು ಹಾಗೆ ಮಾಡಿದ್ದರಂತೆ. ಇದನ್ನು ನನಗೆ ಹೇಳಿದವಳು ಹೆಂಡತಿ. ಗಂಡನನ್ನು ಕೇಳಿದರೆ, ಅವಳು ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳಲು ನಿಂತಳು, ಎಲ್ಲಿ ಗೋಡೆ ಹಿಡಿದಳು, ಯಾವ ಊಟದಲ್ಲಿ ಅರ್ಧ ಬಿಟ್ಟಳು ಎನ್ನುವುದನ್ನೇ ಒಪ್ಪಿಸುತ್ತಾನೆ.

“ಅಲ್ಲರೀ, ಇಷ್ಟ ದೂರ ಬಂದು ನನ್ನ ಮಾರಿನ ನೋಡ್ಕೋತ ಅಡ್ಡಾಡತೀರಲ್ಲ,” ಎಂದಳು ಅವಳು ಒಂದು ದಿನ. “ಈ ಮಾರಿ ಊರಾಗೂ ಇತ್ತು.”

“ನೀ ದಣದಿ. ಕುಂಡ್ರು,” ಎಂದ ಅವನು.

ಅವಳು ದಣಿದಿರಲಿಲ್ಲ. ಆದರೂ ಕೂತಳು. ವರ್ಷವಿಡೀ ಅವಳ ತಲೆ ಹಿಡಿದು ವಾಂತಿ ಮಾಡಿಸಿದವನು ಅವನು. ಅವನ ಭಯವನ್ನು ಅವಳು ಬೈಯಲಾರದೆ ಹೋದಳು.

ಕೊನೆಯ ದಿನ ಕ್ಯಾಲೆಂಡರಿನ ಕೋಟೆಗೆ ಬಂದರು. ಮಧ್ಯಾಹ್ನ ಮೂರು ಗಂಟೆ. ಚಿತ್ರದಲ್ಲಿ ಇದ್ದಂತೆಯೇ ಬಿಳಿ. ಸುತ್ತ ಕಂದಕ, ಕಂದಕದಲ್ಲಿ ಕಪ್ಪು ನೀರು. ಮಾರ್ಗದರ್ಶಿ, ನಾಲ್ಕು ಗಂಟೆಗೆ ಒಳಗೆ ಬಿಡುವುದನ್ನು ನಿಲ್ಲಿಸುತ್ತಾರೆ, ಮೆಟ್ಟಿಲು ಏಣಿಯಷ್ಟು ಕಡಿದಾಗಿವೆ, ಚಪ್ಪಲಿ ಚೀಲದಲ್ಲಿ ಹಾಕಿಕೊಂಡು ಬರಿಗಾಲಲ್ಲಿ ಹತ್ತಬೇಕು ಎಂದಳು. ಹೆಂಡತಿ ಚಪ್ಪಲಿ ಬಿಡಲು ಬಾಗಿದಳು. ಏಣಿಯಂಥ ಮೆಟ್ಟಿಲು, ಮಹಾ ಅಶುಭ. ವ್ಯಾಪಾರಿಯ ತಲೆಯಲ್ಲಿ ಎರಡೂ ಕೂಡಿಕೊಂಡವು.

“ತಡಿ ತಡಿ. ಹಿಂದ ಒಂದು ಗುಡಿ ಐತಿ, ಒಂದ ನಮಸ್ಕಾರ ಹಾಕಿ ಬರತೇನಿ. ಆಮ್ಯಾಲ ಹತ್ತೂಣಂತ. ನೀ ಈ ಕಲ್ಲಿನ ಮ್ಯಾಲಿಂದ ಏಳಬ್ಯಾಡ,” ಎಂದ.

ಅವಳು ಒಂದು ಪೈನ್ ಮರದ ಕೆಳಗೆ ಕಲ್ಲಿನ ಮೇಲೆ ಕೂತಳು. ಗುಂಪಿನ ಉಳಿದವರು ಒಳಗೆ ಹೋದರು.

ಗುಡಿಯಲ್ಲಿ ಸಾಲು ಉದ್ದ ಇತ್ತು. ಇವನ ಸರದಿ ಬಂದು ಚೀಟಿ ಕೈಗೆ ಬರುವ ಹೊತ್ತಿಗೆ ನಾಲ್ಕು ಹೊಡೆದಿತ್ತು. ಓದಿ ಹೇಳುವವರು ಯಾರೂ ಇರಲಿಲ್ಲ. ಎಲೆ ಗುಡಿಸುತ್ತಿದ್ದ ಒಬ್ಬ ಮುದುಕನಿಗೆ ತೋರಿಸಿದ. ಅವನು ಓದಿ ನಕ್ಕು ತಲೆಯಾಡಿಸಿದ. ಒಳ್ಳೆಯದೇ ಇರಬೇಕು. ಆಗ ವ್ಯಾಪಾರಿ ಜೇಬಿನಿಂದ ಮೊದಲಿನ ಚೀಟಿಯನ್ನೂ ತೆಗೆದು ತೋರಿಸಿದ. ಮಡಿಕೆಯಲ್ಲಿ ಹರಿಯಲು ಬಂದಿತ್ತು. ಮುದುಕನ ನಗು ನಿಂತಿತು. ಅವನು ಪೊರಕೆ ಕೆಳಗಿಟ್ಟು, ವ್ಯಾಪಾರಿಯ ಮುಂಗೈ ಹಿಡಿದು, ತಂತಿಯ ಹತ್ತಿರ ಕರೆದುಕೊಂಡು ಹೋಗಿ, ಇಲ್ಲಿ ಕಟ್ಟು ಎಂದು ಬೆರಳಿನಿಂದ ತೋರಿಸಿದ. ಎರಡು ಸಲ ತೋರಿಸಿದ. ವ್ಯಾಪಾರಿ ಕೈ ಕೊಸರಿಕೊಂಡು ಚೀಟಿಯನ್ನು ಮತ್ತೆ ಜೇಬಿಗೆ ಸೇರಿಸಿದ.

ಮರಳಿ ಬಂದರೆ ಕಲ್ಲು ಖಾಲಿ.

ಅವನು ಹೆಸರು ಹಿಡಿದು ಕೂಗಿದ. ಕಂದಕದ ದಂಡೆಗುಂಟ ಓಡಿದ. ಎದುರಿಗೆ ಬಂದವರಿಗೆಲ್ಲ ಸೀರೆಯ ಸೆರಗು ಹೊದೆಯುವುದನ್ನು ಕೈಯಿಂದ ಮಾಡಿ ತೋರಿಸಿ ಕೇಳಿದ. ಅವರು ಏನೋ ಹೇಳಿದರು, ಇವನಿಗೆ ತಿಳಿಯಲಿಲ್ಲ. ಒಂದಿಬ್ಬರು ಕೋಟೆಯ ಕಡೆ ಕೈ ತೋರಿಸಿದರು. ಇವನು ಅದನ್ನೂ ನೋಡಲಿಲ್ಲ, ದಂಡೆಯ ಮೇಲೆ ಬಗ್ಗಿ ನೀರು ನೋಡಿದ. ಇನ್ನಷ್ಟು ಓಡಿ ಮತ್ತೆ ಬಗ್ಗಿ ನೋಡಿದ. ಆಗ ಏನೆಂದುಕೊಂಡೆ ಎಂದು ನಾನು ಕೇಳಿದೆ. ಅವನು ಇವತ್ತಿಗೂ ಹೇಳಿಲ್ಲ.

ಅರ್ಧ ಗಂಟೆಯ ಮೇಲೆ ಹೆಂಡತಿ ಕೋಟೆಯ ಬಾಗಿಲಿನಿಂದ ಗುಂಪಿನ ಜೊತೆ ಹೊರಗೆ ಬಂದಳು. ಕೈಯಲ್ಲಿ ಚಪ್ಪಲಿಯ ಚೀಲ, ಹಣೆಯ ಮೇಲೆ ಬೆವರು. ಬಾಗಿಲು ಹಾಕುವ ಹೊತ್ತಾಯಿತು ಎಂದು ಮಾರ್ಗದರ್ಶಿ ಬಂದು ಕರೆದಾಗ, ಐದು ನಿಮಿಷ ದಾರಿ ನೋಡಿ, ಅವಳ ಕೈ ಹಿಡಿದುಕೊಂಡು ಹತ್ತಿಬಿಟ್ಟಿದ್ದಳು.

ವ್ಯಾಪಾರಿ ಅವಳ ಕಡೆ ಓಡಿ ಬಂದ. ಅವಳೇ ಅವನನ್ನು ಹಿಡಿದು ಅದೇ ಕಲ್ಲಿನ ಮೇಲೆ ಕೂಡಿಸಿದಳು.

“ಮ್ಯಾಲಿನ ಕಿಟಕ್ಯಾಗ ನಿಂತಿದ್ದೆ,” ಎಂದಳು. “ನೀವು ಓಡೂದು ಕಂಡಿತು. ಶಾಲು ತಗದು ಬೀಸಿದೆ, ಕೂಗಿದೆ. ಗುರುತಿಲ್ಲದ ಮಂದಿನೂ ನನ್ನ ಸಲುವಾಗಿ ಕೈ ಬೀಸಿದರು. ನೀವು ನೀರ ನೋಡಿದ್ರಿ ಹೊರತು ಒಮ್ಮೆನೂ ಮ್ಯಾಲ ನೋಡಲಿಲ್ಲ. ಒಂದು ವರ್ಷ ಆ ಕಿಟಕಿ ಬಯಸಿದ್ದೆ. ಅಲ್ಲಿಂದ ಊರು ಹೆಂಗ ಕಾಣತೈತಿ ಅಂತ ಈಗ ಕೇಳಿದ್ರ ನನಗ ಗೊತ್ತಿಲ್ಲ. ನಿಮ್ಮನ್ನ ಕರಿಯೂದರಾಗ ಹೊತ್ತು ಹೋತು.”

ಅವಳು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅಲ್ಲೇ, ಅಷ್ಟು ಜನರ ನಡುವೆ ಅತ್ತ. ಆಮೇಲೆ ಜೇಬಿನಿಂದ ಚೀಟಿ ತೆಗೆದು, ಮೊದಲ ದಿನದಿಂದ ಆದದ್ದನ್ನೆಲ್ಲ ಹೇಳಿದ.

ಅವಳು ಚೀಟಿಯನ್ನು ಬಿಚ್ಚಿ ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಇದರಾಗ ನನ್ನ ಹೆಸರು ಎಲ್ಲೈತಿ?” ಎಂದು ಕೇಳಿದಳು.

ಗುಡಿಯ ಬಾಗಿಲು ಇನ್ನೂ ತೆರೆದಿತ್ತು. ಅವಳೇ ಮುಂದಾಗಿ ನಡೆದಳು, ಅವನು ಹಿಂದೆ ಹೋದ. ಅವಳು ಚೀಟಿಯನ್ನು ಉದ್ದಕ್ಕೆ ಮಡಚಿ, ತಂತಿಗೆ ಸುತ್ತಿ, ಸಣ್ಣ ಗಂಟು ಹಾಕಿದಳು. ಔಷಧಿಯ ಕಾಲದಲ್ಲಿ ಅವಳ ಬೆರಳ ತುದಿಗಳು ಜೋಮು ಹಿಡಿದು, ಕುಪ್ಪಸದ ಗುಂಡಿಯನ್ನೂ ಅವನೇ ಹಾಕಿಕೊಡಬೇಕಾಗಿತ್ತು. ಆ ಬೆರಳುಗಳು ಈಗ ಹರಿಯಲು ಬಂದ ಕಾಗದವನ್ನು ಹರಿಯದಂತೆ ಗಂಟು ಹಾಕಿದವು. ಯಾವಾಗ ಸರಿಹೋಗಿದ್ದವೋ ಅವನಿಗೆ ಗೊತ್ತೇ ಇರಲಿಲ್ಲ. ಐದು ತಿಂಗಳು ಅವಳ ಮುಖವನ್ನೇ ಕಾಯುತ್ತಿದ್ದವನು ಅದನ್ನು ನೋಡಿರಲಿಲ್ಲ. ಮರುದಿನ ಅವರು ಊರಿಗೆ ಹೊರಟರು.

ಅಜ್ಜಾರು ಕತೆ ನಿಲ್ಲಿಸಿದರು. ಶಿವಪುತ್ರ ಮುಂದಕ್ಕೆ ಸರಿದು ಕೂತು ಕೇಳಿದ.

“ಅಜ್ಜಾರ, ಊರಿಗೆ ಬಂದ ಮ್ಯಾಲ ಪರೀಕ್ಷೆ ಮಾಡಿಸಿರಬೇಕಲ್ಲರಿ? ಅದರಾಗ ಏನ ಬಂತ್ರಿ?”

“ಶಿವಪುತ್ರ, ಅಲ್ಲಿ ನಿಮ್ಮಕ್ಕ ಕಿಟಕ್ಯಾಗ ನಿಂತು ಕೈ ಬೀಸಾಕತ್ತಾಳ, ನೀ ಇನ್ನೂ ನೀರ ನೋಡಾಕತ್ತೀದಿ.”