ನೂಲು ಹತ್ತಿದ್ದೆಲ್ಲ ನಮ್ಮದು

ಕತ್ತಿ ಹಿಡಿದು ಗವಿಗೆ ನುಗ್ಗುವ ಆಟವೊಂದಿದೆಯಲ್ಲ, ಮಕ್ಕಳು ಊಟ ಬಿಟ್ಟು ಕಂಪ್ಯೂಟರಿನ ಮುಂದೆ ಕೂತು ಆಡುತ್ತಾರಲ್ಲ, ಅವರನ್ನೇ ಕೇಳಿ ನೋಡಿ. "ಗವಿಯಲ್ಲಿ ರಾಕ್ಷಸ ಜೇಡ ಇರುತ್ತೆ, ಕೊಂದರೆ ಪಾಯಿಂಟು ಬರುತ್ತೆ" ಅನ್ನುತ್ತಾರೆ. ಅಷ್ಟೇ! ಆ ಜೇಡಕ್ಕೂ ಒಂದು ಮನೆಯುಂಟು, ಮಕ್ಕಳುಂಟು, ಮಕ್ಕಳ ಗೋಳುಂಟು ಎಂದು ಒಬ್ಬನಾದರೂ ಯೋಚಿಸಿದ್ದಾನೆಯೇ? ಇಲ್ಲ. ಅದಕ್ಕೇ ನಾನು ಹೇಳುತ್ತೇನೆ, ಕೇಳಿ.

ಆ ಆಟದೊಳಗೆ ಒಂದು ಕರಿಗುಡ್ಡ, ಗುಡ್ಡದಲ್ಲೊಂದು ಗವಿ, ಗವಿಯಲ್ಲಿ ನೂಲವ್ವ ಎಂಬ ಜೇಡ. ಎತ್ತಿನ ಗಾಡಿಯಷ್ಟು ಗಾತ್ರ. ಅವಳಿಗೊಬ್ಬ ಮಗ, ಎಂಟಪ್ಪ. ತಾಯಿಗಿಂತ ದೊಡ್ಡವನು. ಬಂಡೆ ಎಳೆ ಎಂದರೆ ಬಂಡೆ ಎಳೆಯುವಷ್ಟು ಬಲ. ಬುದ್ಧಿಯ ಸುದ್ದಿ ಮಾತ್ರ ಕೇಳಬೇಡಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನೂಲವ್ವನಿಗೆ ಒಮ್ಮೊಮ್ಮೆ ಹೆಗ್ಗಣವೇ ವಾಸಿ ಅನ್ನಿಸುತ್ತಿತ್ತು.

ಗುಡ್ಡದ ಕೆಳಗಿನ ಊರಲ್ಲೊಂದು ಛತ್ರ. ಅಲ್ಲಿ ಮೂವರು ವೀರರು: ಕತ್ತಿಯವನೊಬ್ಬ, ಕೊಡಲಿ ಹಿಡಿದ ಕೆಂಪುಗಡ್ಡದವನೊಬ್ಬ, ಮಣಮಣ ಮಂತ್ರ ಹೇಳುವ ಮುದುಕನೊಬ್ಬ. ಮನಸ್ಸಾದಾಗಲೆಲ್ಲ ಗವಿಗೆ ಬರುವುದು, ಬೆಂಕಿ ಇಡುವುದು, ಮೊಟ್ಟೆ ತುಳಿಯುವುದು. ನೂಲವ್ವ ಅವರನ್ನು ಕಚ್ಚಿ ಕೊಂದಳೇ ಅನ್ನಿ, ಬಂದ ಲಾಭವೇನು? ಮರುದಿನ ಬೆಳಿಗ್ಗೆ ಛತ್ರದ ಅದೇ ಹಾಸಿಗೆಯಲ್ಲಿ ಆಕಳಿಸಿಕೊಂಡು ಎದ್ದು ಕೂರುತ್ತಾರೆ! ಆ ಆಟದ ಕಟ್ಟಳೆಯೇ ಹಾಗೆ. ವೀರರು ಸತ್ತರೆ ತಮ್ಮ ಹಾಸಿಗೆಯಲ್ಲಿ ಮತ್ತೆ ಹುಟ್ಟುತ್ತಾರೆ. ಜೇಡದ ಮರಿ ಸತ್ತರೆ? ಸತ್ತಿತು, ಮುಗಿಯಿತು.

"ಇದು ಯಾವ ಸೀಮೀ ನ್ಯಾಯ?" ಎಂದು ನೂಲವ್ವ ಕುದಿಯುತ್ತಿದ್ದಳು. "ನಾವೇನು ಅವರ ಮನಿಗೆ ಹೋಗಿದ್ವೇನು? ಅವರ ತೊಟ್ಟಿಲಕ್ಕ ಬೆಂಕಿ ಹಚ್ಚಿದ್ವೇನು? ರಾಕ್ಷಸರು ನಾವಂತ, ನಾವು!"

ಈಗ ಅವಳ ಬಳಿ ಉಳಿದಿದ್ದು ಒಂದೇ ಒಂದು ಮೊಟ್ಟೆಯ ಗಂಟು. ಹಿಂದಿನವೆಲ್ಲ ಬೆಂಕಿಗೆ ಹೋಗಿದ್ದವು. ಇದರೊಳಗಿನ ಮಕ್ಕಳಾದರೂ ಬದುಕಬೇಕು, ಅವಳಿಗೆ ಬೇರೇನೂ ಬೇಡ.

ಒಂದು ದಿನ ಮಗನನ್ನು ಕಾವಲಿಗೆ ಕೂರಿಸಿ ಹೇಳಿದಳು: "ಎಂಟಪ್ಪಾ, ನಾ ನೀರಿಗೆ ಹೋಗಿ ಬರ್ತೀನಿ. ಬಲೀಗೆ ಏನ ಬಿದ್ರೂ ಮೊದಲ ಸುತ್ತು, ಆಮ್ಯಾಲೆ ನೋಡು. ತಿಳೀತೇನು?"

"ತಿಳೀತವ್ವಾ!"

ಅವಳು ಅತ್ತ ಹೋದಳು, ವೀರರು ಇತ್ತ ಬಂದರು. ಕತ್ತಲಲ್ಲಿ ಏನಿದೆ ನೋಡೋಣ ಎಂದು ಉರಿಯುವ ಪಂಜನ್ನು ಒಳಗೆ ಎಸೆದರು. ಅದು ಬಲೆಗೆ ಬಿತ್ತು. ಎಂಟಪ್ಪ ಸುತ್ತಿದ. ಅಚ್ಚುಕಟ್ಟಾಗಿ, ಮೇಲೆ ಕೆಳಗೆ, ಹಿಂದೆ ಮುಂದೆ ಸುತ್ತಿದ. ಬಲೆ ಭಗ್ಗೆಂದಿತು! ಹೊಗೆಗೆ ವೀರರು ಕೆಮ್ಮುತ್ತ ಓಡಿದರು. ನೂಲವ್ವ ಓಡಿ ಬಂದು ಮೊಟ್ಟೆಯ ಗಂಟನ್ನು ಬಾಚಿಕೊಂಡಳು. ಅರ್ಧ ಮನೆ ಬೂದಿ.

"ಏನ್ ಸುತ್ತಿದ್ಯೋ, ಮಗನ?"

"ಬಿದ್ದದ್ದನ್ನ ಸುತ್ತಿದೆ. ಆಮ್ಯಾಲೆ ನೋಡಿದೆ. ಬೆಂಕಿ ಇತ್ತವ್ವಾ!"

ನಾವು ಎರಡು ಕೈಯಲ್ಲಿ ಹಣೆ ಹಣೆ ಬಡಿದುಕೊಳ್ಳುತ್ತೇವೆ. ನೂಲವ್ವ ಎಂಟರಲ್ಲೂ ಬಡಿದುಕೊಂಡಳು. "ನಿನ್ನ ಬುದ್ಧಿಗಿಷ್ಟು! ಕೆಂಪಗ ಏನರ ಕಂಡ್ರ ನೀರು ಸುರೀಬೇಕೋ, ನೀರು!"

"ಹೂನವ್ವಾ, ನೀರು!"

ಸುಟ್ಟ ಮನೆಯ ಹೊಗೆ ಆರುವ ಮೊದಲೇ ವೀರರು ಮತ್ತೆ ಬಂದರು. ಈ ಸಲ ನೂಲವ್ವ ಮನೆಯಲ್ಲೇ ಇದ್ದಳು. ಕೆಂಪುಗಡ್ಡದವನನ್ನು ಹಿಡಿದಳು, ಕಚ್ಚಿ ನಿದ್ದೆ ಬರಿಸಿದಳು, ಸುತ್ತಿ ನೇತುಹಾಕಿದಳು. ಉಳಿದಿಬ್ಬರು ಕಾಲಿಗೆ ಬುದ್ಧಿ ಹೇಳಿದರು. ಅಂತೂ ಇವತ್ತು ಮನೆಗೆ ಊಟವಾಯಿತು ಎಂದು ಅವಳು ಹರಿದ ಬಲೆ ನೇಯಲು ಕೂತಳು.

ಎಂಟಪ್ಪ ನೋಡಿದ. ನೇತುಹಾಕಿದ ಗಂಟಿನ ಹೊರಗೆ ಗಡ್ಡ ಇಳಿಬಿದ್ದಿತ್ತು. ಕೆಂಪಗಿತ್ತು!

ದಡದಡ ಹೋಗಿ ಹಂಡೆ ತುಂಬ ತಣ್ಣೀರು ತಂದು ಸುರಿದ. ವಿಷ ಇಳಿಯಿತು, ನಿದ್ದೆ ಹರಿಯಿತು, ಕೆಂಪುಗಡ್ಡದವನು ಕೊಡಲಿ ಬೀಸುತ್ತ ಎದ್ದ. ಓಡುವ ಭರದಲ್ಲಿ ನೂಲವ್ವನ ಒಂದು ಕಾಲನ್ನೇ ಕಡಿದು ಹೋದ.

"ಯಾಕೋ? ಯಾಕೋ ಹಿಂಗ ಮಾಡಿದಿ?"

"ಕೆಂಪಗಿತ್ತವ್ವಾ!"

ನೂಲವ್ವ ಉಳಿದ ಏಳರಲ್ಲಿ ಹಣೆ ಬಡಿದುಕೊಂಡಳು. "ಭಾಳ ಶಾಣ್ಯಾ ನೀ! ಮುಂದಿನ ಸಲ ಅವರು ಬಂದ್ರ ಒಳಗ ಕರಿ. ಮಣಿ ಹಾಕಿ ಕುಂದರ್ಸು. ಮೊಟ್ಟಿ ಗಂಟೂ ಅವರ ಕೈಯಾಗ ಕೊಟ್ಟು ಕೈ ಮುಗಿ! ಮನಿ ಉದ್ಧಾರ ಆಗ್ತದ!"

ಸಿಟ್ಟಿನಲ್ಲಿ ಆಡಿದ ಮಾತು. ಯಾರ ಮುಂದೆ ಆಡುತ್ತಿದ್ದೇನೆ ಎಂಬುದನ್ನೇ ಪಾಪ ಮರೆತಿದ್ದಳು.

ಗಾಯದ ನೋವಿಗೆ ಅವಳಿಗೆ ಒಳಗೆ ಜೊಂಪು ಹತ್ತಿದಾಗ ವೀರರು ಕತ್ತಿ ಹಿರಿದು ಬಂದರು. ಎಂಟಪ್ಪ ಎದುರು ಹೋದ. "ಬರ್ರಿ, ಬರ್ರಿ! ಕೂಡ್ರಿ, ಕೂಡ್ರಿ!" ವೀರರು ಎರಡು ಹೆಜ್ಜೆ ಹಿಂದೆ ಸರಿದರು. ಅವನು ಮಣೆ ಹಾಕಿದ, ಗಂಟು ಕೊಟ್ಟ, ಕೈ ಮುಗಿದ. ರೇಷ್ಮೆಯ ನಿಧಿಯೇ ಸಿಕ್ಕಿತೆಂದು ಅವರು ಅದನ್ನು ಚೀಲಕ್ಕೆ ತುಂಬಿಕೊಂಡು ಒಂದೇ ಓಟ.

ನೂಲವ್ವ ಎದ್ದಳು. ಗಂಟಿಲ್ಲ!

"ಕೊಟ್ಟೆನವ್ವಾ. ಕೈನೂ ಮುಗಿದೆ. ಮನಿ ಯಾವಾಗ ಉದ್ಧಾರ ಆಗ್ತದ?"

ಈ ಸಲ ಅವಳು ಹಣೆ ಬಡಿದುಕೊಳ್ಳಲಿಲ್ಲ. ಕೂತು ಅತ್ತಳು. ಹೊಟ್ಟೆಯಲ್ಲಿ ಹುಟ್ಟಿದ್ದನ್ನು ಕಳ್ಳರ ಕೈಗೆ ಕೊಟ್ಟ ಮಗನನ್ನು ಏನೆಂದು ಬೈಯುವುದು? ಹಿಂದೆ ಬಿದ್ದು ಓಡೋಣವೆಂದರೆ ಕಾಲು ಊರಲಾಗದು. ಅತ್ತು ಅತ್ತು ಕೊನೆಗೆ ಸಿಟ್ಟೇ ಮೇಲಾಯಿತು.

"ಏಳು! ಛತ್ರಕ್ಕ ಹೋಗು! ನೂಲು ಹತ್ತಿದ್ದೆಲ್ಲ ನಮ್ಮದು ಅಂತ ನಮ್ಮ ಹಿರೇರು ಹೇಳ್ಯಾರ. ನಮ್ಮ ನೂಲು ಹತ್ತಿದ್ದನ್ನ ಎಳಕೊಂಡು ಬಾ, ಒಂದು ಚೂರೂ ಬಿಡಬ್ಯಾಡ!"

ಅವಳು ಹೇಳಿದ್ದು ಆ ಗಂಟಿನ ಮಾತು. ಆದರೆ ಎಂಟಪ್ಪ ಛತ್ರ ಸೇರುವಷ್ಟರಲ್ಲಿ ಬೆಳಗಾಗಿತ್ತು. ವೀರರು ಚೀಲವನ್ನು ಒಲೆಯ ಪಕ್ಕ ಇಟ್ಟು ಮಲಗಿದ್ದರು. ಬಿಸಿಗೆ ಮೊಟ್ಟೆಯೊಡೆದು ಮರಿಗಳು ಹೊರಬಂದಿದ್ದವು. ಜೇಡದ ಮರಿಗೆ ನೇಯುವುದನ್ನು ಯಾರು ಕಲಿಸಬೇಕು? ಕಂಬ, ತೊಲೆ, ಒಲೆ, ಹಂಡೆ, ವೀರರ ಮೀಸೆ, ಎಲ್ಲಕ್ಕೂ ನೂಲು ನೇಯ್ದಿದ್ದವು. ಛತ್ರದ ಅಡಿಗೆಯವನೊಬ್ಬ ಕೊಡ ಹಿಡಿದು ಬಾವಿಗೆ ಹೋಗಿದ್ದ.

ಎಂಟಪ್ಪ ಇಣುಕಿ ನೋಡಿದ. ಕಂಬಕ್ಕೆ ನೂಲು ಹತ್ತಿದೆ! ನಮ್ಮದು! ಮಂಚಕ್ಕೆ ಹತ್ತಿದೆ! ನಮ್ಮದು! ಮಾಡಿಗೂ ಹತ್ತಿದೆ! ಅದೂ ನಮ್ಮದೇ! ಛತ್ರಕ್ಕೆ ಸುತ್ತಲೂ ತನ್ನ ನೂಲಿನ ಹಗ್ಗ ಬಿಗಿದ, ಉಸಿರು ಕಟ್ಟಿ ಎಳೆದ. ಬುನಾದಿ ಕಿತ್ತು ಛತ್ರ ಹೊರಟಿತು! ಬಾವಿಕಟ್ಟೆಯಲ್ಲಿ ಅಡಿಗೆಯವನು ಬಾಯಿ ಬಿಟ್ಟುಕೊಂಡು ನಿಂತ.

ಗಡಗಡ ಸದ್ದಿಗೆ ನೂಲವ್ವ ಕುಂಟುತ್ತ ಹೊರಬಂದಳು. ಬಾಗಿಲಲ್ಲಿ ಛತ್ರ! ಕಿಟಕಿಗಳಿಂದ ಮರಿಗಳು "ಅವ್ವಾ, ಅವ್ವಾ" ಎಂದು ಹಾರಿ ಅವಳ ಬೆನ್ನೇರಿದವು. ಅವಳು ಒಂದೊಂದನ್ನೇ ಮುಟ್ಟಿ ಮುಟ್ಟಿ ನೋಡಿದಳು. ಆದರೆ ಬಾಯಿಂದ ಹೊರಟಿದ್ದು ಬೈಗುಳವೇ.

"ಮಕ್ಕಳನ್ನ ತಾ ಅಂದ್ರ ಆ ಶನಿಗಳನ್ನೂ ಎಳಕೊಂಡು ಬಂದೀಯಲ್ಲೋ!"

"ನೂಲು ಹತ್ತಿತ್ತವ್ವಾ!"

ಮರಿಗಳಿಗೆ ಹಸಿವು. ವೀರರು ಮಂಚಕ್ಕೆ ಅಂಟಿಕೊಂಡಿದ್ದರು. ಮುಂದಿನದನ್ನು ಬಿಡಿಸಿ ಹೇಳಬೇಕೇ? ಮರುದಿನ ಬೆಳಿಗ್ಗೆ ಮೂವರೂ ಅದೇ ಹಾಸಿಗೆಯಲ್ಲಿ ಆಕಳಿಸಿಕೊಂಡು ಎದ್ದರು. ಕಣ್ಣು ಬಿಟ್ಟರೆ ಎದುರಿಗೆ ನೂಲವ್ವನ ಬಾಗಿಲು! ಕಟ್ಟಳೆ ಎಂದರೆ ಕಟ್ಟಳೆ.

"ಅನ್ಯಾಯ! ಇದು ಅನ್ಯಾಯ!" ಎಂದು ಕತ್ತಿಯವನು ಕೂಗಿದ.

"ಹೌದೇನು? ಇವತ್ತು ಗೊತ್ತಾತೇನು?" ಎಂದಳು ನೂಲವ್ವ.

ಆಮೇಲೆ ಅವಳ ಮಕ್ಕಳು ಒಂದು ದಿನವೂ ಉಪವಾಸ ಮಲಗಲಿಲ್ಲ. ಆದರೆ ಅವಳ ಬಾಯಿ ನಿಂತಿದೆ ಅಂದುಕೊಂಡಿರಾ? ಇಂದಿಗೂ ಮಗನನ್ನು ಹಿಡಿದು ಜಾಡಿಸುತ್ತಾಳೆ.

"ಛತ್ರ ತಂದಿ, ಒಲಿ ತಂದಿ, ಹಂಡೆ ತಂದಿ! ಈ ಶನಿಗಳಿಗೆ ಕೂಳು ಬೇಯಿಸಿ ಹಾಕೋ ಅಡಿಗಿಯವನ್ನ ಯಾಕೋ ಬಿಟ್ಟು ಬಂದಿ? ನೋಡು, ದಿನಾ ಹುಟ್ಟಿ ಹುಟ್ಟಿ ಸೊರಗ್ಯಾರ, ಬರೇ ಎಲುಬು!"

"ನಾ ಏನ್ ಮಾಡ್ಲಿ? ಅವಗ ನೂಲು ಹತ್ತಿರಲಿಲ್ಲವ್ವಾ!"