ಎರಡು ಬೆರಳಿನಷ್ಟು ಬಟ್ಟೆ

ಅದೊಂದು ಸಾಮಾನ್ಯ ಬುಧವಾರ. ನೇಕಾರರ ಓಣಿಯ ಹುಡುಗ ಹುಡುಗಿಯರು ಸೇರುವ ಗೆಳೆಯರ ಬಳಗದಲ್ಲಿ ಎಂದಿನಂತೆ ನಾಲ್ಕು ಗಂಟೆಗೆ ಹೊಲಿಗೆ ಪಾಠ ಶುರುವಾಯಿತು. ಕಲಿಸುವ ಅನಸೂಯಕ್ಕ ಬಟ್ಟೆ ಹಾಸಿ ಕತ್ತರಿ ಹಿಡಿದರು. ಎರಡು ಸಲ ಪ್ರಯತ್ನಿಸಿದರು. ಆಮೇಲೆ ಕತ್ತರಿಯನ್ನು ಮೇಜಿನ ಮೇಲಿಟ್ಟರು.

"ಇನ್ನ ನನ್ನ ಕೈಲೆ ಆಗೂದಿಲ್ಲ. ಹೆಬ್ಬೆರಳು ಬಗ್ಗವಲ್ದು. ಇನ್ಮ್ಯಾಲೆ ಬಳಗದ ಬಟ್ಟಿ ನಿಮ್ಮೊಳಗ ಒಬ್ಬರು ಕತ್ತರಸಬೇಕು. ಈ ಕತ್ತರಿ ಅವರಿಗೇ ಕೊಡತೀನಿ."

ಮಷಿನ್‌ಗಳೆಲ್ಲ ನಿಂತವು. ಅದು ಅಕ್ಕನ ಗಂಡನ ಕತ್ತರಿ. ಅವರು ತೀರಿಕೊಂಡು ಆರು ವರ್ಷವಾಗಿತ್ತು. ಅಂದಿನಿಂದ ಅಕ್ಕನನ್ನು ಬಿಟ್ಟು ಯಾರೂ ಅದನ್ನು ಮುಟ್ಟಿರಲಿಲ್ಲ.

ಕಸ್ತೂರಿಗೆ ಆ ಕತ್ತರಿ ಬೇಕೇ ಬೇಕಿತ್ತು. ಬಳಗದಲ್ಲಿ ಅವಳಷ್ಟು ಚುರುಕು ಕೈ ಇನ್ನೊಂದಿರಲಿಲ್ಲ. ಅವಳ ತಾಯಿ ಸಿದ್ಧ ಉಡುಪಿನ ಅಂಗಡಿಗೆ ಹೊಲಿದುಕೊಡುತ್ತಿದ್ದಳು. ಅಲ್ಲಿ ಬಟ್ಟೆ ಉಳಿಸಿದವರೇ ಜಾಣರು. ಜೊತೆಗೆ ಕಲಿಯುವ ಮೈಲಾರಿಗೂ ಅದು ಬೇಕಿತ್ತು. ಆದರೆ ಅವನ ಹೊಲಿಗೆ ನಿಧಾನ. ಮನೆಯಲ್ಲಿ ಅವನ ತಾಯಿ ಪ್ರತಿ ಜೂನ್ ತಿಂಗಳಲ್ಲೂ ಮಕ್ಕಳ ಚಡ್ಡಿಗಳ ಹೊಲಿಗೆ ಬಿಚ್ಚಿ ಅಗಲ ಮಾಡುತ್ತಿದ್ದಳು. ಹೊಸ ಚಡ್ಡಿ ಎಂಬುದನ್ನು ಅವನು ಕಂಡದ್ದು ಕಡಿಮೆ.

ಅಕ್ಕ ಇಬ್ಬರಿಗೂ ಒಂದೇ ಅಳತೆಯ ನೀಲಿ ಬಟ್ಟೆ ಕೊಟ್ಟರು. ಓಣಿಯ ಅವಳಿ ಹುಡುಗಿಯರಾದ ಚಂಪಾ, ಮಲ್ಲಿ ಆಗಷ್ಟೇ ಒಂದನೇ ತರಗತಿಗೆ ಸೇರಿದ್ದರು. ಚಂಪಾಳ ಫ್ರಾಕು ಕಸ್ತೂರಿಗೆ, ಮಲ್ಲಿಯದು ಮೈಲಾರಿಗೆ.

ಶನಿವಾರ ಎರಡೂ ಫ್ರಾಕುಗಳು ಸಿದ್ಧವಾದವು. ಕಸ್ತೂರಿ ಒಂದು ಬೆರಳು ಬಟ್ಟೆಯನ್ನೂ ಒಳಗೆ ಬಿಡದೆ ಹೊಲಿದಿದ್ದಳು. ಉಳಿಸಿದ ಬಟ್ಟೆಯಲ್ಲಿ ಕೆಳಗೆ ಎರಡು ಸುತ್ತು ನೆರಿಗೆ ಇಟ್ಟಿದ್ದಳು. ಚಂಪಾ ಗಿರಗಿರನೆ ತಿರುಗಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಲ್ಲಿಯ ಫ್ರಾಕಿಗೆ ನೆರಿಗೆ ಇರಲಿಲ್ಲ. ಕಸ್ತೂರಿ ಅದರ ಒಳಮಗ್ಗುಲು ತಿರುವಿ ನೋಡಿ ನಕ್ಕಳು.

"ಏನಲೇ ಮೈಲಾರಿ, ಬಟ್ಟಿಯೊಳಗ ಇನ್ನೊಂದು ಬಟ್ಟಿ ಇಟ್ಟು ಹೊಲದಿಯಲ್ಲ! ಚಳಿಗಾಲಕ್ಕೇನು?"

"ನಮ್ಮವ್ವ ಹಿಂಗ ಬಿಡಂತಾಳ," ಎಂದ ಮೈಲಾರಿ, ಕಿವಿ ಕೆಂಪಾಗಿಸಿಕೊಂಡು.

"ಯಾರು ಗೆದ್ದರು ಹೇಳ್ರಿ ಅಕ್ಕಾ," ಎಂದು ಎಲ್ಲರೂ ಗಂಟುಬಿದ್ದರು.

"ದೀಪಾವಳಿ ಆದಮ್ಯಾಲೆ ಹೇಳತೀನಿ," ಎಂದರು ಅಕ್ಕ.

"ಅಷ್ಟು ದಿನಾ? ಕತ್ತರಿಗೆ ತುಕ್ಕು ಹಿಡಿತೈತಿ!" ಎಂದಳು ಕಸ್ತೂರಿ.

"ಎಣ್ಣಿ ಹಚ್ಚತೀನಿ."

ಮಳೆಗಾಲದಲ್ಲಿ ಮಕ್ಕಳು ಹುಲ್ಲಿನ ಹಾಗೆ ಬೆಳೆಯುತ್ತಾರೆ. ದೀಪಾವಳಿ ಕಳೆದ ಬುಧವಾರ ಅವಳಿಗಳು ಬಂದು ನಿಂತರು. ಇಬ್ಬರಿಗೂ ಫ್ರಾಕು ಬಿಗಿಯಾಗಿತ್ತು. ಕೈ ಎತ್ತಿದರೆ ಕಂಕುಳಲ್ಲಿ ಹಿಡಿಯುತ್ತಿತ್ತು.

"ಇಬ್ಬರೂ ಅಗಲ ಮಾಡಿಕೊಡ್ರಿ," ಎಂದರು ಅಕ್ಕ.

ಮೈಲಾರಿ ಪಕ್ಕದ ಹೊಲಿಗೆ ಬಿಚ್ಚಿದ. ಒಳಗೆ ಎರಡು ಬೆರಳಿನಷ್ಟು ಬಟ್ಟೆ ಮಡಿಚಿಕೊಂಡು ಕಾಯುತ್ತಿತ್ತು, ಅಂಗಡಿಯಿಂದ ಈಗ ತಂದ ಹಾಗೆ ಕಡುನೀಲಿ. ಅರ್ಧ ಗಂಟೆಯಲ್ಲಿ ಮಲ್ಲಿ ಕೈ ಬೀಸುತ್ತ ಓಡಿದಳು.

ಕಸ್ತೂರಿಯೂ ಹೊಲಿಗೆ ಬಿಚ್ಚಿದಳು. ಒಳಗೆ ಏನೂ ಇರಲಿಲ್ಲ. ಚಂಪಾ ಅವಳನ್ನೇ ಕೇಳಿದಳು, "ಅಕ್ಕಾ, ನನ್ನ ಫ್ರಾಕು ಹೋತೇನು?"

ಕಸ್ತೂರಿಯ ಕಣ್ಣು ತುಂಬಿತು. ಆಮೇಲೆ ಎಲ್ಲರೂ ಹೊಗಳಿದ್ದ ನೆರಿಗೆಗೇ ಕೈ ಹಾಕಿ ಎರಡೂ ಸುತ್ತು ಬಿಚ್ಚಿದಳು. ಆ ಬಟ್ಟೆಯನ್ನು ಎರಡು ಪಕ್ಕಕ್ಕೂ ಪಟ್ಟಿಯಾಗಿ ಜೋಡಿಸಿದಳು. ಜೋಡಿಸುವಾಗ, ಯಾರೂ ಹೇಳದೆಯೇ, ಎರಡು ಬೆರಳಿನಷ್ಟು ಬಟ್ಟೆ ಒಳಗೆ ಮಡಿಚಿದಳು. ಅಕ್ಕ ಅದನ್ನು ನೋಡಿದರು.

"ಕತ್ತರಿ ಮೈಲಾರಿಗೆ," ಎಂದರು.

ಕಸ್ತೂರಿ ತಲೆ ತಗ್ಗಿಸಿದಳು. "ಹಂಗಾರ ನನ್ನದು ಮುಗೀತೇನ್ರಿ?"

"ಒಂದು ಫ್ರಾಕಿಗೇ ಎರಡು ಬೆರಳು ಬಿಡತೀವಿ. ಹದಿನಾರು ವರ್ಷದ ಹುಡುಗಿಗೆ ಬಿಡೂದಿಲ್ಲೇನ? ಮುಂದಿನ ದೀಪಾವಳಿಗೆ ನಿನ್ನ ಹೊಲಿಗಿ ಮತ್ತ ನೋಡತೀನಿ."

ಮೈಲಾರಿ ಕತ್ತರಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. "ಕಸ್ತೂರಿ, ನನಗ ನೆರಿಗಿ ಇಡೂದು ಕಲಸ್ತಿಯೇನು?"

"ಮೊದಲ ನೆಟ್ಟಗ ಒಂದು ಗೆರಿ ಹೊಲಿ," ಎಂದಳು ಕಸ್ತೂರಿ. ಎಲ್ಲರೂ ನಕ್ಕರು. ಅವಳೂ ನಕ್ಕಳು.

ನೀತಿ: ಬೆಳೆಯುವವರನ್ನು ಇಂದಿನ ಅಳತೆಗೆ ಸರಿಯಾಗಿ ಕತ್ತರಿಸಿಬಿಡಬಾರದು. ಫ್ರಾಕಾಗಲಿ, ಮಕ್ಕಳ ಬಗ್ಗೆ ನಾವು ಹೇಳುವ ಮಾತಾಗಲಿ, ಒಳಗೆ ಒಂದಿಷ್ಟು ಬಿಟ್ಟಿರಬೇಕು.

ಯುಗಾದಿಯ ಹಿಂದಿನ ದಿನ ಚಂಪಾಳ ಫ್ರಾಕು ಮತ್ತೆ ಬಿಗಿಯಾಗಿ, ಕಸ್ತೂರಿ ಒಳಗೆ ಬಿಟ್ಟಿದ್ದ ಆ ಎರಡು ಬೆರಳು ಬಟ್ಟೆಯನ್ನು ಬಿಚ್ಚಿದರು.