ದ್ಯಾವಮ್ಮನ ಬೀದಿಗೆ ಗುಂಡಿ ಬಂದದ್ದು

ಒಂದಾನೊಂದು ಊರಿನಲ್ಲಿ ಬೀದಿಗೊಬ್ಬ ಯಜಮಾನ ಇದ್ದ. ಊರಿನ ಹೆಸರು ಕೇಳಬೇಡಿ, ಹೇಳಿದರೆ ಅಲ್ಲಿಯವರು ನನ್ನ ಮೇಲೆ ಬೀಳ್ತಾರೆ. ಹೂಂಗುಟ್ಟುತ್ತಾ ಇರಿ, ಸಾಕು. ನಿದ್ದೆ ಹೋದವರಿಗೆ ನಾನು ಮತ್ತೆ ಮೊದಲಿಂದ ಹೇಳೋನಲ್ಲ.

ಪ್ರತಿ ಸೋಮವಾರ ಯಜಮಾನರೆಲ್ಲ ಚಾವಡಿಯಲ್ಲಿ ಸೇರಿ ಊರಿನ ಕಷ್ಟಸುಖ ಹೇಳಿಕೊಳ್ಳೋರು. ದೊರೆಯೇ ಬಂದು ಕೂತು ಕೇಳೋನು. ಆ ದೊರೆಗೆ ಒಂದು ಹುಚ್ಚು. ಯಾರೂ ತಮ್ಮ ಕಷ್ಟ ತಾವು ಹೇಳಬಾರದು, ಬೇರೆ ಬೀದಿಯ ಕಷ್ಟಕ್ಕೆ ಅಳಬೇಕು. ಹಾಗೆ ಅತ್ತವರನ್ನು ಕಂಡರೆ ದೊರೆಗೆ ಕರುಳು ಚುರುಕ್ ಅನ್ನೋದು. "ಎಂಥ ದೊಡ್ಡ ಮನಸ್ಸು ಇವರದು, ಇವರ ಬೀದಿಗೇ ಆಳು ಕಳಿಸಿ" ಅನ್ನೋನು. ಆದರೆ ಯಾರಾದರೂ "ನಮ್ಮ ಬೀದಿ" ಅಂದರೋ, ದೊರೆ ಎರಡೂ ಕಿವಿಗೆ ಹತ್ತಿ ತುರುಕಿಕೊಳ್ಳೋನು. ದೊರೆ ತುರುಕಿಕೊಂಡ ಅಂತ ಯಜಮಾನರೂ ತುರುಕಿಕೊಳ್ಳೋರು. ಆ ದೂರು ಅಲ್ಲಿಗೆ ಸತ್ತ ಹಾಗೆ. ಅದಕ್ಕೆ ಅಂತ ಹೊರಟ ಆಳು ಅರ್ಧ ದಾರಿಯಲ್ಲಿದ್ದರೂ ವಾಪಸ್ ಬರಬೇಕು.

ಬಳೆಗಾರರ ಬೀದಿಗೆ ಆ ಸಲ ಹೊಸದಾಗಿ ಯಜಮಾನಿಯಾದವಳು ದ್ಯಾವಮ್ಮ. ಅವಳಿಗೆ ಈ ಪದ್ಧತಿ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ. ಮನೆಯಲ್ಲಿ ಮಗಳು ಸಾಕಮ್ಮ ಹಸಿ ಬಾಣಂತಿ, ಎರೆಯೋಕೆ ತಂಬಿಗೆ ನೀರಿಲ್ಲ. ಬೀದಿಗಿದ್ದದ್ದೇ ಒಂದು ನಲ್ಲಿ. ತಿರುಗಿಸಿದರೆ ಅದು ಗೊರ್ ಗೊರ್ ಅಂತ ಕೆಮ್ಮಿ, "ನನ್ನ ಕೇಳಬೇಡ ತಾಯಿ, ನನಗೇ ಬಾಯಾರಿಕೆ. ಒಂದು ಲೋಟ ನೀರಿದ್ದರೆ ಕೊಡು" ಅಂತು. ಮೈಕೈ ನೋವು ಅಂತ ಸಾಕಮ್ಮ ಅಳ್ತಾ ಇದ್ದಳು. ಮಗು ಅವಳಿಗಿಂತ ಜೋರಾಗಿ ಅಳ್ತಾ ಇತ್ತು.

ದ್ಯಾವಮ್ಮ ಚಾವಡಿಗೆ ಹೋಗಿ "ನಮ್ಮ ಬೀದಿ ನಲ್ಲೀಲಿ" ಅನ್ನೋ ಹೊತ್ತಿಗೆ ಎಲ್ಲರ ಕಿವಿಯಲ್ಲೂ ಹತ್ತಿ. ಅವಳು ಸೀರೆ ನೋಡಿಕೊಂಡಳು, ಮುಖ ಒರೆಸಿಕೊಂಡಳು. ಏನು ತಪ್ಪಾಯ್ತು ಅಂತ ತಿಳೀಲಿಲ್ಲ.

ಗಾಣಿಗರ ಬೀದಿಯ ಯಜಮಾನ ಚನ್ನಿಗಪ್ಪ ಹೊರಗೆ ಬಂದು, ಹತ್ತಿ ತೆಗೆದು, ಪದ್ಧತಿ ವಿವರಿಸಿದ. "ಅಕ್ಕಯ್ಯ, ನಿಮ್ಮ ನಲ್ಲಿಗೆ ನಾನು ಅಳ್ತೀನಿ, ನಮ್ಮ ಗುಂಡಿಗೆ ನೀವು ಅಳಿ. ಎಂಥ ಗುಂಡಿ ಅಂತೀರಿ, ಎತ್ತಿನ ಗಾಡಿ ನುಂಗಿದೆ. ಎತ್ತು ಮಾತ್ರ ವಾಪಸ್ ಬಂತು. ಗಾಡಿ ಎಲ್ಲಿ ಅಂದರೆ ಮುಖ ತಿರುಗಿಸುತ್ತೆ. ಇಷ್ಟು ವರ್ಷ ನಾವೆಲ್ಲ ಹೀಗೇ ಬದಲಿ ಅಳ್ತಾ ಬಂದಿದೀವಿ."

"ಕೆಲಸ ಆಗುತ್ತಾ ಅಣ್ಣ?"

"ಅದು ಬೇರೆ ಮಾತು."

"ಸರಿ, ಅಳ್ತೀನಿ ಬಿಡಣ್ಣ. ಬೆಳಗ್ಗೆಯಿಂದ ಅದೇ ಕೆಲಸ" ಅಂದಳು ದ್ಯಾವಮ್ಮ. ಆ ವಾರ ಮಗಳಿಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದ್ದೇ ಸ್ನಾನ.

ಮುಂದಿನ ಸೋಮವಾರ ಚನ್ನಿಗಪ್ಪ ಬಳೆಗಾರರ ನಲ್ಲಿ ನೆನೆಸಿಕೊಂಡು ಬಿಕ್ಕಿದ. ದ್ಯಾವಮ್ಮ ಗಾಣಿಗರ ಗುಂಡಿ ನೆನೆಸಿಕೊಂಡು ಗೋಳೋ ಅಂದಳು. ದೊರೆ ಕಣ್ಣೊರೆಸಿಕೊಂಡು, "ಅತ್ತವರ ಬೀದಿಗೆ ಆಳು ಹೋಗಲಿ" ಅಂತ ಅಪ್ಪಣೆ ಮಾಡಿದ.

ಹೋದರು. ನಲ್ಲಿಯವರು ಗಾಣಿಗರ ಬೀದಿಗೆ ಹೋಗಿ, ಚೆನ್ನಾಗಿ ಸುರೀತಿದ್ದ ನಲ್ಲಿಯ ಪಕ್ಕ ಇನ್ನೊಂದು ನಲ್ಲಿ ನೆಟ್ಟರು. ಗುಂಡಿಯವರು ಗುದ್ದಲಿ, ಹಾರೆ, ಮಂಕರಿ ಹೊತ್ತು ಬಳೆಗಾರರ ಬೀದಿಗೆ ಬಂದರು.

"ಗುಂಡಿ ಎಲ್ಲಿ?" ಅಂದ ಮೇಸ್ತ್ರಿ.

"ಇಲ್ಲಿ ಗುಂಡಿ ಇಲ್ಲಪ್ಪ. ಅದು ಗಾಣಿಗರ ಬೀದೀಲಿ" ಅಂದಳು ದ್ಯಾವಮ್ಮ.

"ಅತ್ತದ್ದು ಯಾರವ್ವ?"

"ನಾನೇ."

"ಹಂಗಾದರೆ ಇಲ್ಲೇ ಇರಬೇಕು. ಮುಚ್ಚದೆ ಹೋದರೆ ದೊರೆ ನನ್ನನ್ನೇ ಮುಚ್ಚಿಸ್ತಾರೆ. ಇಲ್ಲದಿದ್ದರೆ ತೋಡ್ತೀವಿ. ತೋಡಿ ಮುಚ್ತೀವಿ. ಎಷ್ಟು ದೊಡ್ಡದು ಅಂತ ಅತ್ತಿರಿ?"

"ಗಾಡಿ ನುಂಗುವಷ್ಟು" ಅಂದುಬಿಟ್ಟಳು ದ್ಯಾವಮ್ಮ. ಸುಳ್ಳು ಹೇಳೋಕೆ ಅವಳಿಗೆ ಬರ್ತಿರಲಿಲ್ಲ.

ತೋಡಿದರು. ಒಂದು ಗಾಡಿ ತಂದು ಇಳಿಸಿ ನೋಡಿದರು. ಚಕ್ರ ಮೇಲೆ ಕಾಣ್ತಿತ್ತು. "ನುಂಗು" ಅಂದ ಮೇಸ್ತ್ರಿ. "ಈಗಷ್ಟೇ ಹುಟ್ಟಿದೀನಿ ಕಣಣ್ಣ, ಹಲ್ಲು ಬಂದಿಲ್ಲ" ಅಂತು ಗುಂಡಿ. ಇನ್ನೂ ತೋಡಿದರು. "ಈಗ ನುಂಗು." "ಗಂಟಲು ಒಣಗಿದೆ, ಒಣ ಗಂಟಲಲ್ಲಿ ಗಾಡಿ ಇಳಿಯುತ್ತಾ?" ಇನ್ನೂ ತೋಡಿದರು. ಆಗ ಬುಡದಲ್ಲಿ ಬುಳಬುಳ ಅಂತ ನೀರೆದ್ದಿತು. ಗುಂಡಿ ಎರಡು ಗುಟುಕು ಕುಡಿದು, ಗಾಡಿ ನುಂಗಿ, ತೇಗಿತು.

ದ್ಯಾವಮ್ಮ ಬಿಂದಿಗೆ ತರೋಕೆ ಓಡಿದಳು. ಮೇಸ್ತ್ರಿ ಅಡ್ಡ ನಿಂತ. "ಎಲ್ಲಿಗವ್ವ? ಇನ್ನು ಮುಚ್ಚೋ ಕೆಲಸ."

"ಅಪ್ಪಯ್ಯ, ಮನೇಲಿ ಬಾಣಂತಿ ಇದ್ದಾಳೆ. ನೀರು ಕಾಣ್ತಿಲ್ಲವಾ?"

"ನೀರು ನಲ್ಲಿಯವರಿಗೆ ಸೇರಿದ್ದು. ನಾವು ಗುಂಡಿಯವರು. ಉಂಡು ಬಂದು ಮುಚ್ತೀವಿ, ಅಲ್ಲೀವರೆಗೆ ಮುಟ್ಟಬೇಡಿ."

ದ್ಯಾವಮ್ಮನ ತಲೆ ಗಿರ್ ಅಂತು. ಮುಚ್ಚಬೇಡಿ ಅಂತ ಚನ್ನಿಗಪ್ಪನ ಕೈಲಿ ಅಳಿಸಿದರೆ ಅವನ ಬೀದಿ ಗುಂಡಿ ಉಳಿಯುತ್ತೆ, ಇದು ಹೋಗುತ್ತೆ. ತಾನು ಅವನ ಗುಂಡಿಗೆ ಮತ್ತೆ ಅತ್ತರೆ ಇಲ್ಲಿ ಇನ್ನೊಂದು ತೋಡಿ ಎರಡನ್ನೂ ಮುಚ್ತಾರೆ. ಇಲ್ಲದ ಗುಂಡಿ ಅತ್ತು ತಂದದ್ದಾಯ್ತು, ಇರೋ ಗುಂಡಿ ಉಳಿಸೋಕೆ ಯಾರು ಅಳಬೇಕು? ಒಂದೂ ಬಗೆಹರೀಲಿಲ್ಲ. ಅಷ್ಟರಲ್ಲಿ ಅವಳಿಗೆ ಹತ್ತಿ ನೆನಪಾಯ್ತು. ಸೀದಾ ಅರಮನೆಗೆ ಓಡಿದಳು.

ದೊರೆ ಊಟಕ್ಕೆ ಕೂತಿದ್ದ. ದ್ಯಾವಮ್ಮ ಬಾಗಿಲಲ್ಲೇ ನಿಂತು, "ಬುದ್ಧೀ, ಅದು ನಮ್ಮ ಬೀದಿ ಗುಂಡಿ. ನಾನು ಅತ್ತದ್ದು ನಮ್ಮದಕ್ಕೇ. ನಮ್ಮದು, ನಮ್ಮದು, ನಮ್ಮದು. ಇವತ್ತೇ ಮುಚ್ಚಿಸಿಕೊಡಿ" ಅಂತ ಕೂಗಿದಳು.

ದೊರೆಗೆ ತುತ್ತು ಗಂಟಲಲ್ಲಿ ಸಿಕ್ಕಿಕೊಂಡಿತು. ಎಡಗೈಯಲ್ಲೇ ಹತ್ತಿ ತಡಕಿ ತುರುಕಿಕೊಂಡ. "ಸ್ವಂತದ್ದಕ್ಕೆ ಅತ್ತಳಾ ಇವಳು? ಇವಳ ಜೊತೆ ನಾನೂ ಅತ್ತೆನಲ್ಲ. ಆಳು ವಾಪಸ್ ಕರೆಸಿ. ಆ ಗುಂಡಿಗೆ ಒಂದು ಹಿಡಿ ಮಣ್ಣು ಬಿದ್ದರೆ ನೋಡಿ." ಯಜಮಾನಿಕೆಯನ್ನೂ ಕಿತ್ತುಕೊಂಡ. ದ್ಯಾವಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು. ಅಳ್ತಿದ್ದಾಳೆ ಅಂತ ಎಲ್ಲರೂ ಅಂದುಕೊಂಡರು. ಅವಳಿಗೆ ನಗು ತಡೆಯೋಕೆ ಆಗ್ತಿರಲಿಲ್ಲ.

ಆ ಸಂಜೆ ಹಂಡೆ ತುಂಬಿತು, ಒಲೆ ಉರೀತು, ಸಾಕಮ್ಮನ ಬೆನ್ನ ಮೇಲೆ ಸುಡು ಸುಡು ನೀರು ಬಿತ್ತು. "ಅವ್ವಾ, ನೀರು ಯಾರು ಕೊಟ್ಟರು?" ಅಂದಳು ಮಗಳು.

"ದೊರೆ ಕೊಟ್ಟ. ಅಲ್ಲ, ಆಗಲ್ಲ ಅಂದ, ಅದಕ್ಕೇ ಬಂತು. ಚನ್ನಿಗಪ್ಪಣ್ಣ ನಮಗಾಗಿ ಅತ್ತ, ಅವನಿಗೆ ಬಂತು. ನಾನು ಅವನಿಗಾಗಿ ಅತ್ತೆ, ಆಮೇಲೆ..." ದ್ಯಾವಮ್ಮ ಅರ್ಧಕ್ಕೇ ನಿಲ್ಲಿಸಿದಳು. "ನಂಗೂ ತಿಳೀಲಿಲ್ಲ ಕಣೇ. ನೀನು ತಲೆ ಬಗ್ಗಿಸು, ನೀರು ಆರುತ್ತೆ."

ನೀತಿ ಏನು ಅಂತೀರಾ? ಗುಂಡಿ ಬೇಕಾದರೆ ಊರವರಿಗಾಗಿ ಅಳಿ, ಬಂದದ್ದು ಉಳೀಬೇಕಾದರೆ ನಮ್ಮದು ಅನ್ನಿ. ಇದನ್ನು ನಿಮ್ಮ ಬೀದಿಯಲ್ಲಿ ಹೇಳಿ ಒದೆ ತಿಂದರೆ ನನ್ನ ಹೆಸರು ತೆಗೀಬೇಡಿ. ಕತೆ ಗುಂಡಿಗೆ, ನೀರು ಹಂಡೆಗೆ, ಏಳಿ ನೀವು ಮನೆಗೆ.